ಮೆಟ್ಟಿಲು ನುಂಗಿದ ರಸ್ತೆ

ಬೀದಿಗೆ ಹೊಸ ಡಾಮರು ಬೀಳುತ್ತದೆಂಬ ಸುದ್ದಿ ಬಂದೊಡನೆ ಹಿಗ್ಗುವವರು ಸ್ಕೂಟರಿನವರು, ಎದೆಗುಂದುವವರು ನೆಲಮಹಡಿಯವರು. ನಾನು ಎರಡು ಪಂಗಡಕ್ಕೂ ಸೇರಿದವನು. ಆದಕಾರಣ ಈ ಸಲದ ಹರಟೆಯನ್ನು ಡಾಮರಿಗೇ ಮೀಸಲಿಟ್ಟರೆ ವಾಚಕರು ಮನ್ನಿಸಬೇಕು.

ಯಮುನೆಯ ಆಚೆ ದಡದ ನಮ್ಮ ಬಡಾವಣೆಗೆ ಪಕ್ಕದ ಮನೆಯ ತುಮಕೂರಿನ ಅಜ್ಜಿ 1985ರಲ್ಲಿ ಬಂದರು. ಆಗ ಅವರ ಮನೆಗೆ ಮೂರು ಮೆಟ್ಟಿಲು. ಈಗಿರುವುದು ಒಂದೇ. ಮಿಕ್ಕ ಎರಡನ್ನು ಕಳ್ಳರಾರೂ ಒಯ್ದಿಲ್ಲ, ರಸ್ತೆ ನುಂಗಿದೆ. ಲೆಕ್ಕ ಬಹು ಸುಲಭ. ಒಂದು ಪದರ ಡಾಮರು ಸುಮಾರು ಒಂದೂವರೆ ಅಂಗುಲ ದಪ್ಪ; ಮೆಟ್ಟಿಲಿನ ಎತ್ತರ ಆರು ಅಂಗುಲ. ಹಳೆಯದನ್ನು ತೆಗೆಯದೆ ಅದರ ಮೇಲೇ ನಾಲ್ಕು ಸಲ ಹಾಸಿದರೆ ಒಂದು ಮೆಟ್ಟಿಲು ಮಾಯ!

2024ರ ಜೂನ್ 28ರಂದು ಆದದ್ದು ನೆನಪಿದೆಯಷ್ಟೆ? ಸಫ್ದರ್‌ಜಂಗ್‌ನಲ್ಲಿ 24 ಗಂಟೆಗಳಲ್ಲಿ 228.1 ಮಿಲಿಮೀಟರ್ ಮಳೆ. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ 1936ರ ಬಳಿಕ ಇಲ್ಲಿ ಸುರಿದಿರಲಿಲ್ಲ. ಅಂಥ ಮಳೆಗೆ ಯಾವ ಊರಾದರೂ ತತ್ತರಿಸೀತು, ನಿಜ. ಆದರೆ ಮೂರು ಮೆಟ್ಟಿಲಿದ್ದಿದ್ದರೆ ಅಜ್ಜಿಯ ಮನೆಗೆ ನೀರು ಬರುತ್ತಿರಲಿಲ್ಲ. ಮಂಚದ ಕೆಳಗಿನ ಟ್ರಂಕಿನಲ್ಲಿ ಯಜಮಾನರು ಕೂಡಿಟ್ಟಿದ್ದ ಕನ್ನಡ ಪುಸ್ತಕಗಳಿದ್ದವು. ಅವನ್ನು ನಮ್ಮ ಮನೆಯ ಫ್ಯಾನಿನ ಕೆಳಗೆ ಹರವಿ ಎರಡು ದಿನ ಒಣಗಿಸಿದೆವು. ಅರ್ಧಕ್ಕರ್ಧ ಅಂಟಿಕೊಂಡು ಹೋದವು.

ವಾಹನದವರ ಹಿಗ್ಗೂ ಬಹುಕಾಲದ್ದಲ್ಲ. ರಸ್ತೆ ಏರಿದರೂ ಮ್ಯಾನ್‌ಹೋಲಿನ ಮುಚ್ಚಳ ಏರುವುದಿಲ್ಲ; ಅದೇ ಗುಂಡಿಯಾಗುತ್ತದೆ. ಕಾರು ನಿಂತಿದ್ದ ಜಾಗವನ್ನು ಬಿಟ್ಟು ಡಾಮರು ಹಾಕಿದರೆ ಅಲ್ಲೊಂದು ಹಳ್ಳ. ರಸ್ತೆಯಂಚು ಕಡಿದಾಗಿ ನಿಂತು, ಪಕ್ಕಕ್ಕೆ ಸರಿದ ಸ್ಕೂಟರು ಜಾರುತ್ತದೆ.

ಪರಿಹಾರ ತಿಳಿಯದ ಊರೇನೂ ಇದಲ್ಲ. ಮಥುರಾ ರಸ್ತೆಯಲ್ಲಿ 1952ರಿಂದ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯಿದೆ. 1934ರಲ್ಲಿ ಹುಟ್ಟಿದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕಛೇರಿ, ನಮ್ಮ ಕರ್ನಾಟಕ ಸಂಘವಿರುವ ರಾಮಕೃಷ್ಣಪುರದಲ್ಲೇ ಇದೆ. ಹಳೆಯ ಪದರವನ್ನು ಯಂತ್ರದಿಂದ ಕೆರೆದು ತೆಗೆದು, ಬಳಿಕ ಹೊಸದನ್ನು ಹಾಸಬೇಕು. ಎಂಜಿನಿಯರರು ಇದನ್ನು ಮಿಲ್ಲಿಂಗ್ ಎನ್ನುತ್ತಾರೆ. ಕೆರೆದು ತೆಗೆದದ್ದೂ ವ್ಯರ್ಥವಲ್ಲ. ಮತ್ತೆ ರಸ್ತೆಗೇ ಬಳಸಬಹುದು. ಆದರೆ ಕೆರೆದು ವಾರಗಟ್ಟಲೆ ಹಾಗೆಯೇ ಬಿಟ್ಟರೆ ದ್ವಿಚಕ್ರದವರ ಗತಿ ದೇವರೇ ಬಲ್ಲ!

ಕಾಲವನ್ನೂ ನೋಡಬೇಕು. ಡಾಮರು ಮಿಶ್ರಣ ಸುಮಾರು 150 ಡಿಗ್ರಿ ಬಿಸಿಯಲ್ಲಿ ತಯಾರಾಗುತ್ತದೆ. ಆರುವ ಮೊದಲೇ ರೋಲರು ಓಡಬೇಕು. ನೀರು ನಿಂತಾಗ ಹಾಕಕೂಡದು. 10 ಡಿಗ್ರಿಗಿಂತ ಕಡಿಮೆ ಚಳಿಯಲ್ಲೂ ಕೂಡದು. ಚಳಿಗಾಲದಲ್ಲಿ ಗಾಳಿ ತೀರ ಕೆಟ್ಟರೆ ರಸ್ತೆ ಕೆಲಸಕ್ಕೇ ತಡೆ ಬೀಳುತ್ತದೆ. ಉಳಿದ ತಿಂಗಳುಗಳು ಕೆಲವೇ. ಆದ್ದರಿಂದ ಕೆಲಸ ಅವಸರದಲ್ಲಿ ನಡೆಯುತ್ತದೆ. ಅವಸರದಲ್ಲಿ ಕೆರೆಯುವುದು ಮರೆತುಹೋಗುತ್ತದೆ.

ಈ ವರ್ಷ ಮತ್ತೆ ಡಾಮರಿನ ಸುದ್ದಿ ಬಂದಾಗ ನಾವು ಮೊದಲೇ ಎಚ್ಚೆತ್ತೆವು. ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಕಛೇರಿಗೆಂದು ಇಲ್ಲಿ ಹೇಳಲಾರೆ; ನಾನೂ ಒಂದು ಸರಕಾರಿ ಕಛೇರಿಯ ಗುಮಾಸ್ತನೇ ತಾನೆ! ಅರ್ಜಿಯ ಜೊತೆಗೆ ಅಜ್ಜಿ ತಮ್ಮ ಗೃಹಪ್ರವೇಶದ ಫೋಟೋ ಕೊಟ್ಟರು. ಅದರಲ್ಲಿ ಮೂರು ಮೆಟ್ಟಿಲೂ, ಅವುಗಳ ಬುಡದ ರಂಗೋಲಿಯೂ ಸ್ಪಷ್ಟವಾಗಿವೆ. ಎಂಜಿನಿಯರರು ಫೋಟೋ ನೋಡಿದರು, ಬಾಗಿಲ ಕಡೆ ನೋಡಿದರು, "ಮಾತಾಜಿ, ಯಂತ್ರ ತರಿಸುತ್ತೇನೆ" ಎಂದರು. ತರಿಸಿದರು ಕೂಡ. ಮೂರು ಅಂಗುಲ ಕೆರೆದು ಒಂದೂವರೆ ಅಂಗುಲ ಹಾಸಿದರು. ನಮಗೆ ದಕ್ಕಿದ್ದು ಕಾಲು ಮೆಟ್ಟಿಲು.

ದೆಹಲಿಯಲ್ಲಿರಲಿ, ನೋಯ್ಡಾ, ಗುರುಗ್ರಾಮಗಳಲ್ಲಿರಲಿ, ನಿಮ್ಮ ಬೀದಿಗೆ ಡಾಮರು ಬರುವ ಮುನ್ನವೇ ಕೇಳಿರಿ: ಹಳೆಯದನ್ನು ಕೆರೆಯುತ್ತಾರೆಯೇ? ಮುಚ್ಚಳಗಳನ್ನು ರಸ್ತೆಯ ಮಟ್ಟಕ್ಕೆ ತರುತ್ತಾರೆಯೇ? ಕಾರು ತೆಗೆಯಲು ಹಿಂದಿನ ದಿನವೇ ತಿಳಿಸುತ್ತಾರೆಯೇ? ತಿಳಿಸಿದರೆ ದಯವಿಟ್ಟು ತೆಗೆಯಿರಿ. ಹಳೆಯ ಫೋಟೋಗಳನ್ನೂ ಹುಡುಕಿಡಿರಿ.

ಹೊಸ ರಸ್ತೆಯ ಮೊದಲ ಬೆಳಿಗ್ಗೆ ಅಜ್ಜಿ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದರು. ನನ್ನನ್ನು ಕಂಡು, "ಕಾಲು ಮೆಟ್ಟಿಲು ಬಂತಲ್ಲಪ್ಪ. ಉಳಿದದ್ದಕ್ಕೆ ಮುಂದಿನ ಅರ್ಜಿ ಈಗಲೇ ಬರೆದಿಡು" ಎಂದರು.

ಬರೆದಿಟ್ಟಿದ್ದೇನೆ.