ಇಪ್ಪತ್ತಕ್ಕೆ ದಂಡ, ಐವತ್ತಕ್ಕೆ ಸನ್ಮಾನ

ಹಳೆಯ ಕಾರನ್ನು ಇಟ್ಟುಕೊಂಡವನು ಒಂದೋ ಜಿಪುಣ, ಇಲ್ಲವೇ ಮರುಳ ಎಂಬ ತೀರ್ಪು ನಮ್ಮ ಕಡೆಯ ಮದುವೆಮನೆಗಳಲ್ಲಿ ಬಲು ಸುಲಭವಾಗಿ ಹೊರಬೀಳುತ್ತದೆ. ಬ್ರಹ್ಮಾವರದಲ್ಲಿರುವ ನನ್ನ ಸೋದರಳಿಯನ ಬಳಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. "ಅದನ್ನು ಗುಜರಿಗೆ ಹಾಕಿ ಹೊಸತು ತೆಗೆಯಬಾರದೇ?" ಎಂದು ಅವನನ್ನು ಪೀಡಿಸುವ ನೆಂಟರಲ್ಲಿ ಅನೇಕರು ಈ ಪುಟದ ಓದುಗರೂ ಹೌದು. ಅವರಿಗೆ ನನ್ನ ಉತ್ತರವಿದು.

ಮೊದಲು ಯಂತ್ರದ ಮಾತು. ಎಂಜಿನ್ ಹೊರಗೆಸೆಯುವ ಬಿಸಿಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ಒತ್ತುವ ಸಾಧನವೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಕಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಚಕ್ರವು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತಬಲ್ಲುದು. ಅದನ್ನು ಕಾಯುವುದು ಎಣ್ಣೆಯ ತೆಳುಪದರ ಮಾತ್ರ. ಆದುದರಿಂದ ಒಡೆಯನು ಒಳ್ಳೆಯ ಸಿಂಥೆಟಿಕ್ ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸಬೇಕು. ಬಿರುಸಾಗಿ ಓಡಿಸಿ ಬಂದೊಡನೆ ಎಂಜಿನ್ ಆರಿಸದೆ, ತಣಿಯಲು ಒಂದೆರಡು ನಿಮಿಷ ಬಿಡಬೇಕು. ಟೈಮಿಂಗ್ ಬೆಲ್ಟು ತುಂಡಾಗುವ ಮೊದಲೇ ಹೊಸತು ಹಾಕಿಸಬೇಕು. ಬಿರುಕುಬಿಟ್ಟ ರಬ್ಬರ್ ಕೊಳವೆಗಳನ್ನು ಹುಡುಕಿ ಬದಲಿಸಬೇಕು. ಅದರ ಮೇಲೆ ನಮ್ಮ ಊರಿನ ಉಪ್ಪುಗಾಳಿ! ಕುಂದಾಪುರ ದಾಟಿ ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಅಡಿಭಾಗವನ್ನು ತೊಳೆಯದೆ ಬಿಟ್ಟರೆ ತುಕ್ಕು ತಿನ್ನುತ್ತದೆ. ಇಷ್ಟನ್ನು ವರ್ಷಗಟ್ಟಲೆ ತಪ್ಪದೆ ನಡೆಸುವವನು ಮರುಳನಲ್ಲ, ಶಿಸ್ತಿನವನು.

ಇನ್ನು ಸರಕಾರದ ಲೆಕ್ಕ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿ ಇದ್ದುದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ, ಇಪ್ಪತ್ತು ದಾಟಿದ ಕಾರಿಗೆ 10,000 ಎಂದು ನಿಗದಿಯಾಯಿತು. ಅದೇ ಸರಕಾರವು 2021ರಲ್ಲಿ, ಐವತ್ತು ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನಕ್ಕೆ 'ವಿಂಟೇಜ್' ಎಂಬ ಗೌರವವನ್ನೂ ಪ್ರತ್ಯೇಕ ನೋಂದಣಿಯನ್ನೂ ಕೊಟ್ಟಿದೆ. ಇಪ್ಪತ್ತೊಂದನೆಯ ವರ್ಷದಲ್ಲಿ ಯಾರೂ ಉಳಿಸಿಕೊಳ್ಳದ ಕಾರು ಐವತ್ತನ್ನು ಮುಟ್ಟುವುದಾದರೂ ಹೇಗೆ? ಸಸಿಯನ್ನು ಕಡಿಸಿ ಹೆಮ್ಮರವನ್ನು ಪೂಜಿಸಿದಂತಾಯಿತು.

"ಹೊಗೆಯ ಗತಿಯೇನು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇಂದಿನ ಬಿಎಸ್-6 ಕಾರಿನ ಹೊಗೆ ಹೆಚ್ಚು ಶುದ್ಧವೆಂಬುದು ನಿಜ. ಹಾಗಾದರೆ ಹೊಗೆಯನ್ನು ಅಳೆಯಿರಿ, ಬ್ರೇಕನ್ನು ಪರೀಕ್ಷಿಸಿರಿ, ಸೋತ ಕಾರನ್ನು ನಿಲ್ಲಿಸಿರಿ. ಹುಟ್ಟಿದ ವರ್ಷವನ್ನು ನೋಡಿ ಅಂಕ ಹಾಕುವುದು, ಉತ್ತರಪತ್ರಿಕೆ ತೆರೆಯದೆ ಹುಡುಗನನ್ನು ನಪಾಸು ಮಾಡಿದಂತೆ. ಮೂವತ್ತು ವರ್ಷ ಪತ್ರಿಕೆ ತಿದ್ದಿದವನಾಗಿ ಅದನ್ನು ನಾನು ಒಪ್ಪಲಾರೆ.

ಹಾಗೆಂದು ಇಂತಹ ಕಾರಿನ ಒಡೆಯರೆಲ್ಲರ ವಕಾಲತ್ತು ನನ್ನದಲ್ಲ. ಟರ್ಬೊದ ಒತ್ತಡ ಏರಿಸಿ, ಸೈಲೆನ್ಸರ್ ಕಿತ್ತು, ನಡುರಾತ್ರಿ ಹೆದ್ದಾರಿಯಲ್ಲಿ ಅಬ್ಬರಿಸುವವರಿಗೆ ನನ್ನ ಒಂದು ಮಾತಿನ ಬೆಂಬಲವೂ ಇಲ್ಲ. ಎಣ್ಣೆಗೆ ಕಾಸು ಬಿಚ್ಚದೆ ಸದ್ದಿಗೆ ಸಾವಿರಾರು ಸುರಿಯುವವರಿಂದಲೇ ಶಿಸ್ತಿನವರಿಗೂ ಕೆಟ್ಟ ಹೆಸರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಇಂದು ಎಂಜಿನಿಯರುಗಳು, ಕೆಲವರು ಅಧಿಕಾರಿಗಳು. ನಿಯಮ ಬರೆಯುವ ಮೇಜಿನ ಬಳಿ ಕುಳಿತಾಗ ಯಂತ್ರದ ವಯಸ್ಸನ್ನಲ್ಲ, ಆರೋಗ್ಯವನ್ನು ನೋಡಿರಿ.