ಫಿಲ್ಟರ್ ತೆಗೀರಿ, ಪುಸ್ತಕ ತೆಗೀರಿ

1/5
ದೋಸ್ತರ, ಸಿಟ್ಟು ಬಂದ್ರೂ ಅಡ್ಡಿ ಇಲ್ಲ, ಐದೂ ಪೋಸ್ಟ್ ಪೂರ್ತಿ ಓದ್ರಿ. ಈ ವಾರ ನಿಮ್ಮ ಹಾನಗಲ್ ತಾರಕೇಶ್ವರ ಗುಡಿ ಫೋಟೊ ನೋಡಿದೆ. ಗುಡಿ ನಮ್ಮದು, ಆಕಾಶ ಆ್ಯಪ್‌ನದು. ಕಂಬದ ಮ್ಯಾಲೆ ಬಿಸಿಲು ಎಡಗಡೆಯಿಂದ ಬಿದ್ದೈತಿ, ಮೋಡದಾಗಿನ ಸೂರ್ಯ ಬಲಕ್ಕ ಅದಾನ. ಒಂದ ಊರಿಗೆ ಎರಡು ಸೂರ್ಯ! ಚಾಲುಕ್ಯರ ಕಾಲದ ಶಿಲ್ಪಿಗಳು ಇಷ್ಟು ಚಂದ ಕೆತ್ತಿದ ಕಲ್ಲಿಗೆ ನಿಮ್ಮ ಕಿತ್ತಳೆ ಬಣ್ಣ ಯಾಕ ಬೇಕು?

2/5
ನಾನೇನೂ ಸಾಚಾ ಅಲ್ಲ. ಸವಣೂರಿನ ದೊಡ್ಡಹುಣಸೆ ಮರ ಗೊತ್ತಲ್ಲ, ಆಫ್ರಿಕಾ ಮೂಲದ ಬಾವೊಬಾಬ್, ಮೂರು ಮರ. 2023ರ ಮಳೆಗಾಲದಾಗ ಅದರಾಗ ಒಂದು ಉರುಳಿ ಬಿತ್ತು. ಆಮ್ಯಾಲೆ ಎತ್ತಿ ಮತ್ತ ನೆಟ್ಟರು. ಬಿದ್ದ ಸುದ್ದಿ ಕೇಳಿದ ಕೂಡ್ಲೆ ನಾನು ಗ್ಯಾಲರಿ ತೆಗೆದೆ. 43 ಫೋಟೊ ಇದ್ವು. ಪೋರ್ಟ್ರೇಟ್ ಮೋಡ್ ಕೃಪೆಯಿಂದ ಎಲ್ಲದರಾಗೂ ನನ್ನ ಮಾರಿ ಸ್ಪಷ್ಟ, ಮರ ಮಬ್ಬು. ಬುಡದಿಂದ ತುದಿ ತನಕ ಮರ ಬಂದ ಫೋಟೊ ಒಂದೂ ಇಲ್ಲ. ಇಷ್ಟು ವರ್ಷ ಅದರ ಮುಂದ ನಿಂತಿದ್ದೆ, ಅದನ್ನ ನೋಡಿರಲಿಲ್ಲ.

3/5
ಅದಕ್ಕ ಈ ಪುಸ್ತಕ ಹಿಡಿದೀನಿ: ಜಾನ್ ಶಾ ಅವರ ‘ಲ್ಯಾಂಡ್‌ಸ್ಕೇಪ್ ಫೋಟೊಗ್ರಫಿ’, 1994ರದು. ನಮಗಿಂತ ಹಿರಿದು, ಫಿಲ್ಮ್ ಕಾಲದ್ದು. ನಾ ಹೇಳೂದು, ಅದ ಅದರ ದೊಡ್ಡ ಗುಣ. ಒಂದು ರೋಲಿಗೆ 36 ಫೋಟೊ, ಪ್ರತಿಯೊಂದಕ್ಕೂ ರೊಕ್ಕ. ಬಿಕಾಂ ಮಂದಿಗೆ ಕಾಸ್ಟ್ ಪರ್ ಯೂನಿಟ್ ಬಿಡಿಸಿ ಹೇಳಬೇಕೇನು? ಆ ಕಾಲದವರು ಬಟನ್ ಒತ್ತೂಕಿಂತ ಮೊದಲ ವಿಚಾರ ಮಾಡ್ತಿದ್ರು: ಬೆಳಕು ಯಾವ ಕಡೆಯಿಂದ? ಚೌಕಟ್ಟಿನೊಳಗ ಏನು ಇರಬೇಕು, ಏನು ಹೊರಗ ಹೋಗಬೇಕು? ಎಕ್ಸ್‌ಪೋಶರ್ ಎಷ್ಟು? ಪುಸ್ತಕ ಕಲಿಸೂದು ಈ ವಿಚಾರವನ್ನ.

4/5
“ಯೂಟ್ಯೂಬ್ ಐತಲ್ಲ?” ಐತಿ. ನೋಡಿ ಮುಗಿಸೂದ್ರಾಗ ಸಂಜಿ ಬೆಳಕು ಹೋಗಿರ್ತೈತಿ, ಮುಂದಿನ ವಿಡಿಯೊ ತಾನ ಶುರು ಆಗಿರ್ತೈತಿ.
“ಇಂಗ್ಲಿಷ್ ಪುಸ್ತಕ.” ಹೌದು. ಕಾಸ್ಟ್ ಅಕೌಂಟಿಂಗೂ ಇಂಗ್ಲಿಷಿನಾಗ ಓದಾಕತ್ತೀವಿ. ಒಳ್ಳೆ ಕನ್ನಡ ಪುಸ್ತಕ ಗೊತ್ತಿದ್ರ ಕಮೆಂಟ್‌ನಾಗ ಹಾಕ್ರಿ, ಮೊದಲು ಅದನ್ನ ಓದೂಣು.
“ಕ್ಯಾಮೆರಾ ಇಲ್ಲ.” ಫೋನಿನ ತೆರೆ ಒತ್ತಿ ಹಿಡೀರಿ, ಎಕ್ಸ್‌ಪೋಶರ್ ಲಾಕ್ ಆಗ್ತೈತಿ, ಬೆಳಕು ಹೆಚ್ಚು ಕಡಿಮಿ ಮಾಡಬಹುದು. ಕಲಿಯಾಕ ಅಷ್ಟು ಸಾಕು. ಹೊಸ ಫೋನಿಗೆ ಡಿಪ್ರಿಸಿಯೇಷನ್ ಐತಿ. ಬೆಳಕು ನೋಡೂ ಕಣ್ಣಿಗಿಲ್ಲ.
ಆ ಪುಸ್ತಕದಾಗ ಅಮೆರಿಕದ ಗುಡ್ಡ ಅದಾವ, ನಮ್ಮ ಹೊಲ ಇಲ್ಲ, ಒಪ್ತೀನಿ. ನಮ್ಮ ಹೊಲದ ಫೋಟೊ ಅವರು ಬಂದು ತೆಗೀಬೇಕೇನು?

5/5
ಈಗ ಕೆಲಸ. ಒಂದ ಜಾಗ ಆರಿಸ್ಕೊಳ್ರಿ: ಹಿರೇಕೆರೂರಿನ ಕೆರೆ, ಶಿಗ್ಗಾಂವಿ ಕಡೆ ಕನಕದಾಸರ ಬಾಡ, ಇಲ್ಲಾ ನಿಮ್ಮ ಮನಿ ಹಿಂದಿನ ಗೋವಿನಜೋಳದ ಹೊಲ. ತಿಂಗಳಿಗೆ 36 ಫೋಟೊ ಮಾತ್ರ. ಅದ ಜಾಗ ಮುಂಜಾನೆ ಒಮ್ಮೆ, ನೆತ್ತಿ ಬಿಸಿಲಿಗೆ ಒಮ್ಮೆ, ಸಂಜಿಗೊಮ್ಮೆ. ಓರೆ ಬಿಸಿಲಿಗೆ ಮಣ್ಣಿನ ಸಾಲು ಎದ್ದು ಕಾಣ್ತಾವ, ಮಧ್ಯಾಹ್ನ ಚಪ್ಪಟೆ. ಈ ಒಂದು ಪಾಠ ಯಾವ ಫಿಲ್ಟರೂ ಕಲಿಸೂದಿಲ್ಲ.

ನಾವು ನಾಲ್ಕು ಮಂದಿ ಪಟ್ಟಿ ಹಾಕಿ ಸೆಕೆಂಡ್ ಹ್ಯಾಂಡ್ ಪ್ರತಿ ತರಿಸೀವಿ. ಪಾಳಿ ಹಚ್ಚಿ ಓದ್ರಿ, ಹಾಳಿ ಮಾತ್ರ ಮಡಚಬ್ಯಾಡ್ರಿ. ಬರೂ ರವಿವಾರ ಮುಂಜಾನೆ ಆರಕ್ಕ ದೊಡ್ಡಹುಣಸೆ ಕಡೆ ಇರ್ತೀನಿ. ಬರ್ರಿ. ಸೆಲ್ಫಿ ಬಂದ್, ಮೊದಲು ಮರ.

#ಹಾನಗಲ್ #ಶಿಗ್ಗಾಂವಿ #ಸವಣೂರು #ಹಿರೇಕೆರೂರು