ದಿಕ್ಕು ಚೀನಾದ್ದು, ಬಿಸಿಲು ಕೋಥರೂಡದ್ದು

ಪುಣೆಯ ಕೋಥರೂಡದ ಫ್ಲ್ಯಾಟುಗಳಲ್ಲಿ ಮಂಚ, ಕನ್ನಡಿ, ಗಿಡಗಳನ್ನು ಚೀನಾದ ಗೃಹಶಾಸ್ತ್ರ ಫೆಂಗ್ ಶೂಯಿ ಪ್ರಕಾರ ಇಟ್ಟರೆ ಆರೋಗ್ಯ, ಐಶ್ವರ್ಯ ಕೂಡಿಬರುತ್ತವೆ, ಅದು ನಮ್ಮ ವಾಸ್ತುವಿಗೂ ಒಪ್ಪುವ ವಿಜ್ಞಾನ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಗಾಳಿ ಬೆಳಕಿಗೆ ಜಾಗ ಬಿಡಿ, ಬೇಡದ ಸಾಮಾನು ತೆಗೆಯಿರಿ ಎಂಬ ಸಲಹೆಗೆ ತಕರಾರಿಲ್ಲ. ಉಳಿದದ್ದಕ್ಕೆ ಇದೆ.

ಮೊದಲು ದಿಕ್ಕು. ಉತ್ತರ ಚೀನಾದಲ್ಲಿ ಚಳಿಗಾಲದ ಕೊರೆಯುವ ಗಾಳಿ ಉತ್ತರದಿಂದ ಬರುತ್ತದೆ, ಬಿಸಿಲು ದಕ್ಷಿಣದಿಂದ. ದಕ್ಷಿಣಕ್ಕೆ ಮುಖ ಮಾಡಿದ ಮನೆ ಅಲ್ಲಿ ಜಾಣತನ. ಪುಣೆ ಇರುವುದು 18.5 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯಾಹ್ನ ಸೂರ್ಯ ನೆತ್ತಿಗೇ ಬರುತ್ತಾನೆ, ಸಂಜೆಯವರೆಗೆ ಕಾಯುವುದು ಪಶ್ಚಿಮದ ಗೋಡೆ.

ಎರಡನೆಯದು, ಫೆಂಗ್ ಶೂಯಿ ಮೆಚ್ಚುವ ದಕ್ಷಿಣದ ಬಾಗಿಲಿಗೇ ವಾಸ್ತು ನಂಬುವವರು ಹೆದರುತ್ತಾರೆ. ಎರಡೂ ವಿಜ್ಞಾನವಾದರೆ ಒಂದೇ ಬಾಗಿಲಲ್ಲಿ ಲಕ್ಷ್ಮಿ ಬರುವುದೂ ಹೋಗುವುದೂ ಹೇಗೆ?

ಮೂರನೆಯದು, ಫೆಂಗ್ ಶೂಯಿಯಲ್ಲಿ ಜನ್ಮವರ್ಷದಿಂದ ಲೆಕ್ಕ ಹಾಕುವ ‘ಕುವಾ’ ಸಂಖ್ಯೆಯ ಪ್ರಕಾರ ಗಂಡನಿಗೆ ಪೂರ್ವ, ಹೆಂಡತಿಗೆ ಪಶ್ಚಿಮ ಶುಭವೆಂದರೆ ಮಂಚದ ತಲೆ ಯಾವ ಕಡೆ? ಒಂದರ ಮೇಲೊಂದು ಕಟ್ಟಿದ ಫ್ಲ್ಯಾಟುಗಳಿಗೆ ಬಾಗಿಲು, ಅಡುಗೆಮನೆ ಎಲ್ಲ ಒಂದೇ ದಿಕ್ಕಿಗೆ. ಭಾಗ್ಯ ಮಾತ್ರ ಬೇರೆ ಬೇರೆ.

ಕೊನೆಗೆ, ಅದೃಷ್ಟಕ್ಕೆಂದು ನೀರಿನಲ್ಲಿಟ್ಟು ಬೆಳೆಸುವ ‘ಲಕ್ಕಿ ಬ್ಯಾಂಬೂ’ ಗಿಡ. ಅದು ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ. 2001ರಲ್ಲಿ ಚೀನಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಅದರ ಸರಕಿನಲ್ಲಿ ಡೆಂಗಿ ಹರಡಬಲ್ಲ ಏಷ್ಯನ್ ಹುಲಿಸೊಳ್ಳೆ ಸಿಕ್ಕಿತ್ತು. ನಿಂತ ನೀರು ಯಾವ ಮೂಲೆಯಲ್ಲಿದ್ದರೂ ಸೊಳ್ಳೆಗೆ ಶುಭವೇ.

ಚಂದಕ್ಕೆ ಇಡುವವರು ಇಡಲಿ, ವಾರಕ್ಕೊಮ್ಮೆ ನೀರು ಬದಲಿಸಲಿ. ದುಡ್ಡು ಖರ್ಚು ಮಾಡಲೇಬೇಕಿದ್ದರೆ ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿಸಲಿ. ಅದರ ಫಲ ಅದೇ ಸಂಜೆ ಗೊತ್ತಾಗುತ್ತದೆ.